ಮೂವತ್ತೊಂಬತ್ತು ಡ್ರಾಯರಿನ ಪೆಟ್ಟಿಗೆ

ನನ್ನ ಗಂಡ ಟೆರ್ಯೊ ಇಪ್ಪತ್ತೊಂಬತ್ತು ವರ್ಷ ಹಡಗುಗಳ ಎಂಜಿನ್ ಕೋಣೆಯಲ್ಲಿ ಫಿಟ್ಟರ್ ಆಗಿ ದುಡಿದು, ಮೊಣಕಾಲು ಸವೆಸಿಕೊಂಡು, ಈ ಫೆಬ್ರವರಿಯಲ್ಲಿ ನಮ್ಮ ಮೀನುಗಾರರ ಊರು ಎಸ್ತಾನ್ಸಿಯಾಕ್ಕೆ ಖಾಯಮ್ಮಾಗಿ ಬಂದ. ಜೊತೆಗೆ ನಾಲ್ಕು ದೊಡ್ಡ ರಟ್ಟಿನ ಪೆಟ್ಟಿಗೆಗಳೂ ಬಂದವು. ಮೂರರಲ್ಲಿ ಹಡಗಿನವರ ಹೆಂಡಂದಿರಿಗೆಲ್ಲ ಬರುವಂಥದ್ದೇ: ಸೋಪು, ಚಾಕಲೇಟು, ಟವೆಲ್ಲು, ಡಬ್ಬಿ ಮಾಂಸ. ನಾಲ್ಕನೆಯದನ್ನು ಮಾತ್ರ ಡ್ರೈವರನಿಗೂ ಮುಟ್ಟಲು ಬಿಡದೆ ತಾನೇ ಎದೆಗವಚಿಕೊಂಡು ತಂದ. ಒಡವೆ ಇರಬಹುದು ಎಂದುಕೊಂಡು ನಾನು ಮುಖ ತೊಳೆದು ಬಂದು ಕೂತೆ.

ಬಿಚ್ಚಿದರೆ ಕಿತ್ತಳೆ ಬಣ್ಣದ ಒಂದು ಪ್ಲಾಸ್ಟಿಕ್ ಪೆಟ್ಟಿಗೆ. ಮೇಲೊಂದು ಹಿಡಿಕೆ. ಮುಂದುಗಡೆ ಒಳಗಿನದು ಹೊರಗೆ ಕಾಣುವಂಥ ಪುಟ್ಟ ಪುಟ್ಟ ಡ್ರಾಯರುಗಳು, ಎಣಿಸಿದರೆ ಮೂವತ್ತೊಂಬತ್ತು.

“ನೋಡು ಇಂದಾಯ್,” ಎಂದ. ಇಂದಾಯ್ ಎನ್ನುವ ಮುದ್ದಿನ ಹೆಸರು ಅವನಿಗೆ ಖುಷಿ ಉಕ್ಕಿದಾಗ ಮಾತ್ರ. ಉಳಿದ ಹೊತ್ತಿನಲ್ಲಿ ನಾನು ಬರೀ ಪುರಿಂಗ್. “ಹಡಗು ಎಷ್ಟೇ ವಾಲಿದ್ರೂ ಒಂದು ಡ್ರಾಯರೂ ತಾನಾಗಿ ತೆರ್ಕೊಳಲ್ಲ. ಲಾಕ್ ಇದೆ.”

“ನಮ್ಮನೆ ವಾಲಿ ಬಹಳ ದಿನ ಆಯ್ತು,” ಎಂದೆ.

ಅವನಿಗೆ ಅದು ಕೇಳಿಸಲೇ ಇಲ್ಲ. ಅವನ ಕಣ್ಣು ಆಗಲೇ ಶೆಡ್ಡಿನ ಕಡೆ ಹೋಗಿತ್ತು.

ಶೆಡ್ಡು ಎಂದರೆ ಮನೆಗೆ ಅಂಟಿಕೊಂಡಿರುವ ನಮ್ಮ ವರ್ಕ್‌ಶಾಪು. ಅಪ್ಪ ಶುರು ಮಾಡಿದ್ದು, ಮೀನುಗಾರರ ದೋಣಿ ಎಂಜಿನ್ನುಗಳ ರಿಪೇರಿಗೆ. ಅಪ್ಪನ ಕೈ ನಡುಗತೊಡಗಿದಾಗ ಟೆರ್ಯೊ ಯಾವುದೋ ಸಮುದ್ರದಲ್ಲಿದ್ದ, ಹಾಗಾಗಿ ಸ್ಪ್ಯಾನರ್ ನಾನು ಹಿಡಿದೆ. ಮೊದಲು ಊರು ನಕ್ಕಿತು. ಆಮೇಲೆ ಎಂಜಿನ್ನುಗಳು ಹೊರಟವು, ನಗು ನಿಂತಿತು. ಇಪ್ಪತ್ತೆರಡು ವರ್ಷದಿಂದ ಈ ದಡದಲ್ಲಿ ಎಂಜಿನ್ ಕೆಮ್ಮಿದರೆ ಕರೆ ಬರುವುದು ನನಗೆ. ಊರಿಗೆಲ್ಲ ನಾನು ಮನಾಂಗ್, ಅಂದರೆ ಅಕ್ಕ. ನನ್ನ ಸಾಮಾನೆಲ್ಲ ಒಂದು ನೀಲಿ ಬಕೆಟ್ಟಿನಲ್ಲಿ ಇರುತ್ತಿತ್ತು. ಬೋಲ್ಟು, ನಟ್ಟು, ವಾಷರು, ಪಿನ್ನು, ಕ್ಲಿಪ್ಪು, ಡ್ರಿಲ್ಲಿನ ಮುರಿದ ತುದಿ, ಎಲ್ಲ ಒಂದೇ ಸಂಸಾರ. ಕೈಹಾಕಿ ಆಡಿಸಿದರೆ ಬೇಕಾದ್ದು ತಾನಾಗಿ ಬೆರಳಿಗೆ ಸಿಗುತ್ತಿತ್ತು. ಸಿಗದ ದಿನ ಬಕೆಟ್ಟನ್ನು ಮರಳ ಮೇಲೆ ಸುರಿದು ಹುಡುಕುತ್ತಿದ್ದೆ. ಅಂಥ ದಿನಗಳು ವಾರಕ್ಕೆ ನಾಲ್ಕೈದು ಇರುತ್ತಿದ್ದವು, ಅದು ಬೇರೆ ಮಾತು.

ಬಂದ ಮೂರನೇ ದಿನ ಟೆರ್ಯೊ ನನ್ನ ಬಕೆಟ್ಟನ್ನು ಜಗಲಿಯ ಮೇಲೆ ಬೋರಲು ಹಾಕಿದ. ಕೆಳಗೆ ಹಾಸಿದ್ದು ನನ್ನ ಒಳ್ಳೆಯ ಚಾದರ, ಅವನೇ ರಾಟರ್‌ಡ್ಯಾಮಿನಿಂದ ತಂದುಕೊಟ್ಟದ್ದು. ನಾನು ಅದನ್ನು ಒಂದು ದಿನವೂ ಮಂಚಕ್ಕೆ ಹಾಸಿರಲಿಲ್ಲ.

“ಇದೇನಿದು ಪುರಿಂಗ್? ಸ್ಟೀಲ್ ಬೋಲ್ಟ್ ಪಕ್ಕ ಕಬ್ಬಿಣದ್ದು, ಅದರ ಪಕ್ಕ ಹೇರ್‌ಪಿನ್ನು?”

“ಆ ಹೇರ್‌ಪಿನ್ನು ಒಂದ್ಸಲ ದೋಣೀನ ಕರಬಾವೊ ದ್ವೀಪದವರೆಗೆ ಮುಟ್ಟಿಸಿದೆ. ಮರ್ಯಾದೆ ಕೊಟ್ಟು ಮಾತಾಡು.”

ಹತ್ತೊಂಬತ್ತು ದಿನ ಕೂತ. ಒಂದೊಂದು ಬೋಲ್ಟನ್ನೂ ಬಟ್ಟೆಯಲ್ಲಿ ಒರೆಸಿ, ಕನ್ನಡಕ ಮೂಗಿನ ತುದಿಗಿಳಿಸಿ, ಅಳತೆ ಇಕ್ಕಳದಲ್ಲಿ ದಪ್ಪ ಅಳೆದು, ಉದ್ದ ಅಳೆದು, ಡ್ರಾಯರಿಗೆ ಹಾಕುತ್ತಿದ್ದ. ಅಕ್ಷರ ಒತ್ತುವ ಪುಟ್ಟ ಯಂತ್ರವೊಂದನ್ನೂ ತಂದಿದ್ದ. ಅದರಿಂದ ಚೀಟಿ ಹೊರಡಿಸಿ ಪ್ರತಿ ಡ್ರಾಯರಿಗೂ ಅಂಟಿಸಿದ. ಅಕ್ಕಪಕ್ಕದವರು ಕಾಫಿ ಲೋಟ ಹಿಡಿದುಕೊಂಡೇ ಬಂದು ನೋಡಿದರು. ಹೆರಿಗೆಯಾದ ಮನೆಗೂ ಅಷ್ಟು ಜನ ಬರುವುದಿಲ್ಲ.

ಇನ್ನು ಗಿರಾಕಿಗಳು. ಮೊದಲು ಬಂದವನು ಡೊಮಿಂಗ್, ನಮ್ಮ ಹಿಂದಿನ ಮನೆಯವನು, ಎರಡು ಕಡೆ ಬಿದಿರ ರೆಕ್ಕೆ ಕಟ್ಟಿದ ದೋಣಿಯಲ್ಲಿ ಮೀನಿಗೆ ಹೋಗುತ್ತಾನೆ.

“ಚೀಫ್, ಹತ್ತನೇ ನಂಬರ್ ಬೋಲ್ಟ್ ಎರಡು ಕೊಡಿ,” ಎಂದ. ಹಡಗಿನ ಎಂಜಿನ್ ಕೋಣೆ ಕಂಡವರನ್ನೆಲ್ಲ ನಮ್ಮೂರು ಚೀಫ್ ಅನ್ನುತ್ತದೆ, ಅಲ್ಲಿ ನೆಲ ಒರೆಸಿ ಬಂದಿದ್ದರೂ ಸರಿ.

ಟೆರ್ಯೊ ಹತ್ತು ಎಂದು ಬರೆದ ಡ್ರಾಯರ್ ಎಳೆದು ಎರಡು ಕೊಟ್ಟ. ಡೊಮಿಂಗ್ ದಡಕ್ಕೆ ಹೋದವನು ಕಾಲು ಗಂಟೆಯಲ್ಲಿ ವಾಪಸ್ಸು ಬಂದ. ಬೋಲ್ಟು ತೂತಿಗೆ ಇಳಿಯುತ್ತಿಲ್ಲ, ಬಹಳ ದಪ್ಪ. ಆಗಬೇಕಾದ್ದೇ. ನಮ್ಮ ದಡದಲ್ಲಿ ಬೋಲ್ಟಿನ ನಂಬರು ಎಂದರೆ ಅದನ್ನು ತಿರುಗಿಸುವ ಸ್ಪ್ಯಾನರಿನ ನಂಬರು. ಹತ್ತರ ಸ್ಪ್ಯಾನರ್ ಹಿಡಿಯುವ ಬೋಲ್ಟು ಹತ್ತು, ಅದರ ಮೈ ಎಷ್ಟು ದಪ್ಪ ಎಂದು ಕೇಳುವವರಿಲ್ಲ. ಟೆರ್ಯೊ ಬೋಲ್ಟಿನ ಮೈ ಅಳೆದು ನಂಬರು ಹಾಕಿದ್ದ. ಡೊಮಿಂಗ್ ಕೇಳಿದ ಹತ್ತು ಅವನ ಪೆಟ್ಟಿಗೆಯಲ್ಲಿ ಆರು ಎಂಬ ಚೀಟಿಯ ಹಿಂದೆ ಕೂತಿತ್ತು.

“ಇಡೀ ಪ್ರಪಂಚ ಬೋಲ್ಟನ್ನ ಹೀಗೇ ಅಳೆಯೋದು,” ಎಂದು ಟೆರ್ಯೊ ಅವನನ್ನು ಕೂರಿಸಿಕೊಂಡು ಅರ್ಧ ಗಂಟೆ ವಿವರಿಸಿದ. ಒಂದು ಪುಸ್ತಕವನ್ನೂ ತೋರಿಸಿದ.

ಡೊಮಿಂಗ್ “ಹೌದು ಚೀಫ್, ಸರಿ ಚೀಫ್” ಎಂದು ಪೂರ್ತಿ ಕೇಳಿದ. ಕೇಳಿ ಎದ್ದು ನೇರವಾಗಿ ನನ್ನ ಅಡುಗೆಮನೆಗೆ ಬಂದು, “ಮನಾಂಗ್, ಹತ್ತನೇ ನಂಬರ್ ಎರಡು ಕೊಡಿ,” ಎಂದ.

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ನಮ್ಮಲ್ಲಿ ತಿರುಗಾಮುರುಗಾ. ಹಿತ್ತಲ ಗಿಡವನ್ನೇ ಎಲ್ಲರೂ ಕಿತ್ತುಕೊಂಡು ಹೋಗುತ್ತಿದ್ದರು, ಹಡಗಿನಿಂದ ಇಳಿದ ಮದ್ದು ಜಗಲಿಯಲ್ಲಿ ಕೂತಿತ್ತು. ಬಂದವರೆಲ್ಲ ಟೆರ್ಯೊನ ಎದುರಿಗೇ ನಿಂತು “ಮನಾಂಗ್ ಇಲ್ವಾ?” ಎಂದು ಕೇಳುತ್ತಿದ್ದರು. ನನಗೆ ಒಳಗೊಳಗೇ ಹಿಗ್ಗು, ಸುಳ್ಳು ಯಾಕೆ ಹೇಳಲಿ. “ಚೀಫ್‌ಗೆ ಹೇಳಿ ಹೋಗಿ, ಮೂವತ್ತೊಂಬತ್ತು ಡ್ರಾಯರಿದೆ, ಯಾವುದರಲ್ಲಾದ್ರೂ ಇರುತ್ತೆ,” ಎಂದು ಒಳಗಿಂದಲೇ ಕೂಗುತ್ತಿದ್ದೆ. ಜನ ನಗುತ್ತಿದ್ದರು. ಅವನೂ ನಗುತ್ತಿದ್ದ. ಬರಬರುತ್ತಾ ಅವನ ನಗು ಚಿಕ್ಕದಾಗುತ್ತಾ ಬಂದದ್ದನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಒಂದು ಮಂಗಳವಾರ ಸಂಜೆ, ಮೀನಿನ ಸಾರು ಬಡಿಸುತ್ತಿದ್ದಾಗ, ಮಳೆ ಬರಬಹುದು ಎನ್ನುವ ಧಾಟಿಯಲ್ಲಿ ಹೇಳಿದ: “ಏಜೆನ್ಸಿಯಿಂದ ಮೆಸೇಜ್ ಬಂದಿದೆ. ಒಂದು ಹಡಗಿಗೆ ಫಿಟ್ಟರ್ ಬೇಕಂತೆ. ಒಂಬತ್ತು ತಿಂಗಳ ಕಾಂಟ್ರ್ಯಾಕ್ಟ್. ಶುಕ್ರವಾರದೊಳಗೆ ಇಲೋಯ್ಲೊಗೆ ಹೋಗಿ ಸೈನ್ ಮಾಡ್ಬೇಕು. ಅಲ್ಲಿಂದ ಹಾಗೇ ಮನಿಲಾಗೆ.”

ಹೋಗಬೇಡ ಎನ್ನಬೇಕು ಅನಿಸಿತು. ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದೆ.

“ನಿನ್ನಿಷ್ಟ,” ಎಂದೆ.

ಹಡಗಿನವನ ಹೆಂಡತಿ ಹೇಳುವುದು ಇದೊಂದೇ ಮಾತು. ಹೊರಡುವವನ ಮುಂದೆ ಅಳಬಾರದು, ತಡೆಯಬಾರದು, ಸಮುದ್ರಕ್ಕೆ ಅದು ಕೇಳಿಸುತ್ತದೆ ಎಂದು ನಮ್ಮತ್ತೆ ಮದುವೆಯಾದ ವಾರವೇ ಕಲಿಸಿದ್ದರು. ಇಪ್ಪತ್ತೊಂಬತ್ತು ವರ್ಷ ಅದನ್ನು ಎಷ್ಟು ಚೆನ್ನಾಗಿ ಪಾಲಿಸಿದ್ದೆನೆಂದರೆ ಬೇರೆ ಮಾತು ನನ್ನ ನಾಲಿಗೆಗೆ ಮರೆತೇಹೋಗಿತ್ತು.

ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಆದರೆ ಕಾಂಟ್ರ್ಯಾಕ್ಟ್ ಎಂಬ ಪದ ಕಿವಿಗೆ ಬಿದ್ದರೆ ನನ್ನ ಕೈ ತಾನಾಗಿ ಸೂಟ್‌ಕೇಸಿಗೆ ಹೋಗುತ್ತದೆ. ಪಾತ್ರೆ ತೊಳೆದಿಟ್ಟು, ಕೈ ಒರೆಸಿಕೊಂಡು, ಸೂಟ್‌ಕೇಸ್ ತುಂಬತೊಡಗಿದೆ. ಉಣ್ಣೆಯ ಬನಿಯನ್ನು, ಮೊಣಕಾಲಿನ ಎಣ್ಣೆ, ಜಪಮಾಲೆ, ಒಣಮೀನು. ಸೀಗಡಿಯ ಗಿನಮೊಸ್ ಗೊಜ್ಜನ್ನು ಮೂರು ಪದರ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಮೇಲೊಂದು ಕಾಲುಚೀಲ ತೊಡಿಸಿದೆ. ಅದು ಸೋರಿ ಒಮ್ಮೆ ವಿಮಾನ ನಿಲ್ದಾಣವೇ ಮೂಗು ಮುಚ್ಚಿಕೊಂಡಿತ್ತು. ಇಪ್ಪತ್ತು ನಿಮಿಷದಲ್ಲಿ ಜಿಪ್ಪು ಎಳೆದೆ.

ಟೆರ್ಯೊ ಬಾಗಿಲಲ್ಲಿ ನಿಂತಿದ್ದ.

“ಇಷ್ಟು ಬೇಗ ಆಯ್ತಾ?” ಎಂದ.

“ಅಭ್ಯಾಸ ಅಲ್ವಾ,” ಎಂದೆ.

ಅವನು ತಲೆಯಾಡಿಸಿ ಹೊರಗೆ ಹೋಗಿ ಕೂತ. ಹೆಂಡತಿ ತನ್ನನ್ನು ಸಾಗಹಾಕಲು ತುದಿಗಾಲಲ್ಲಿ ನಿಂತಿದ್ದಾಳೆ ಎಂದು ಅವನಂದುಕೊಂಡ. ಗಂಡನಿಗೆ ಮನೆ ಬೇಜಾರಾಗಿದೆ, ಹಡಗಿನ ಮೇಲೇ ಜೀವ ಎಂದು ನಾನಂದುಕೊಂಡೆ. ನಮ್ಮಂಥ ಜಾಣರು ಎಸ್ತಾನ್ಸಿಯಾದಲ್ಲಿ ಬಹಳ ಜನ ಇದ್ದಾರೆ.

ಗುರುವಾರ ಬೆಳಿಗ್ಗೆ ಡೊಮಿಂಗ್ ಓಡಿ ಬಂದ. ದಡಕ್ಕೆಳೆದ ದೋಣಿಯ ಎಂಜಿನ್ನಿನ ಬುಡದ ಬೋಲ್ಟುಗಳು ಕಿತ್ತುಬಂದಿವೆ, ಇನ್ನೊಂದು ಗಂಟೆಯಲ್ಲಿ ನೀರೇರುತ್ತದೆ, ಅಷ್ಟರೊಳಗೆ ಕೂರಿಸದಿದ್ದರೆ ಅವತ್ತಿನ ಮೀನು ಹೋದಂತೆಯೇ. ನಾನು ಬಕೆಟ್ಟಿಗೆ ಕೈಹಾಕಿದೆ. ಒಂದು ಬೋಲ್ಟೂ ಇಲ್ಲ. ಅದರಲ್ಲಿ ನಾನೇ ಸೊಪ್ಪಿನ ಬೀಜ ನೆನೆಹಾಕಿದ್ದೆ.

“ನಡಿ, ನಾನು ತರ್ತೀನಿ,” ಎಂದು ಟೆರ್ಯೊ ಪೆಟ್ಟಿಗೆಯ ಹಿಡಿಕೆ ಹಿಡಿದ. ನಾನು ಮುಂದೆ, ಅವನು ಹಿಂದೆ. ಮರಳಲ್ಲಿ ಅವನ ಮೊಣಕಾಲು ಒಂದೊಂದು ಹೆಜ್ಜೆಗೂ ತಕರಾರು ತೆಗೆಯುತ್ತಿತ್ತು.

“ಕೊಡು ಇಲ್ಲಿ, ನಾನು ಹೊರ್ತೀನಿ. ನೀನು ಬರೋ ಹೊತ್ತಿಗೆ ದೋಣಿ ತೇಲ್ತಿರುತ್ತೆ,” ಎಂದೆ.

“ನೀನು ನಡಿ ಅಂದೆ.”

ದೋಣಿಯೊಳಗೆ ಅಂಗಾತ ಮಲಗಿ ನಾನು ಕೈ ಚಾಚಿದೆ. “ಹದಿನಾಲ್ಕರದ್ದು, ಉದ್ದ, ನಾಲ್ಕು.”

ದೋಣಿಯ ಅಂಚಿನ ಮೇಲೆ ಅವನ ಮುಖ ಕಾಣುತ್ತಿತ್ತು. ಅವನು ತುಟಿ ಆಡಿಸುತ್ತಿದ್ದ. ಹದಿನಾಲ್ಕು ಅಂದರೆ ಅವನ ಚೀಟಿಯ ಹತ್ತು. ಡ್ರಾಯರು ಎಳೆದ ಸದ್ದು. ನನ್ನ ಅಂಗೈಗೆ ನಾಲ್ಕು ಬೋಲ್ಟು ಬಿದ್ದವು, ಒರೆಸಿದವು, ಮರಳಿನ ಒಂದು ಕಾಳೂ ಇಲ್ಲದವು. ಸರಿಯಾದವು.

“ಹನ್ನೆರಡರದ್ದು, ಮೋಟು, ಎರಡು.”

ಹನ್ನೆರಡು ಅಂದರೆ ಎಂಟು. ಈ ಸಲ ತುಟಿ ಆಡಿಸಲೂ ಇಲ್ಲ.

“ಸ್ಪ್ರಿಂಗ್ ವಾಷರ್,” ಎನ್ನುವಷ್ಟರಲ್ಲಿ ವಾಷರ್ ಕೈಯಲ್ಲಿತ್ತು. ನಾನು ಹೇಳುವ ಮೊದಲೇ ತೆಗೆದಿಟ್ಟುಕೊಂಡಿದ್ದ. ಇಪ್ಪತ್ತು ನಿಮಿಷದಲ್ಲಿ ಎಂಜಿನ್ ಕೂತಿತು, ಶುರುವಾಯಿತು. ಬಕೆಟ್ಟಿನೊಂದಿಗೆ ಹೋಗಿದ್ದರೆ ನಾನಿನ್ನೂ ಮರಳಲ್ಲಿ ಮೊಣಕಾಲೂರಿ ಮೂರನೇ ಬೋಲ್ಟು ಹುಡುಕುತ್ತಿದ್ದೆ. ಅದು ನನಗೆ ಗೊತ್ತಾಯಿತು. ಬಾಯಿಬಿಟ್ಟು ಹೇಳಲಿಲ್ಲ. ಸೋಲೊಪ್ಪಿಕೊಳ್ಳಲು ನನ್ನಪ್ಪನ ಮನೆಯಲ್ಲಿ ಯಾರೂ ಕಲಿಸಿರಲಿಲ್ಲ.

“ಮನಾಂಗ್‌ಗೆ ಒಳ್ಳೇ ಅಸಿಸ್ಟೆಂಟ್ ಸಿಕ್ಕಿದಾನೆ,” ಎಂದು ಡೊಮಿಂಗ್ ಹಲ್ಲು ಕಿರಿದ. “ನಾಳೆ ಹೊರಡ್ತೀರಂತಲ್ಲ ಚೀಫ್, ಅಯ್ಯೋ.”

ಟೆರ್ಯೊ ನನ್ನ ಮುಖ ನೋಡಿದ. ಈಗ ಅನ್ನಿಸುತ್ತದೆ, ಅವನು ಆ ಒಂದು ಗಳಿಗೆ ಕಾಯುತ್ತಿದ್ದ. ಡೊಮಿಂಗ್ ಎದುರಿಗೆ ನಾನು ಇನ್ನೇನು ಹೇಳಲಿ?

“ಹೋಗ್ಲಿ ಬಿಡು. ಹಡಗಿನ ಮನುಷ್ಯನಿಗೆ ಮರಳಲ್ಲಿ ಏನು ಕೆಲಸ,” ಎಂದೆ.

ಅವನು ಪೆಟ್ಟಿಗೆಯ ಲಾಕ್ ಹಾಕಿದ, ಎತ್ತಿಕೊಂಡ, ನಡೆದ. ಹಿಂದೆ ನಾನು. ಮಧ್ಯಾಹ್ನವೆಲ್ಲ ಜಗಲಿಯಲ್ಲಿ ಅಕ್ಷರ ಒತ್ತುವ ಯಂತ್ರ ಕಿರ್ರ್ ಎನ್ನುತ್ತಿತ್ತು. ಮಾಡಲು ಬೇರೆ ಕೆಲಸವಿಲ್ಲ ಎಂದುಕೊಂಡು ನಾನು ಬಟ್ಟೆ ಒಗೆಯಲು ಹೋದೆ.

ಶುಕ್ರವಾರ ಬೆಳಿಗ್ಗೆ ಬೆಳ್ಳುಳ್ಳಿ ಅನ್ನಕ್ಕೆ ಒಣಮೀನು ಹುರಿದೆ. ಮೀನು ಹುರಿಯುವಾಗ ಶೆಡ್ಡಿನಿಂದ ರಬ್ಬರ್ ಚೂರೊಂದನ್ನು ತರಬೇಕಿತ್ತು, ನಲ್ಲಿ ಸೋರುತ್ತಿತ್ತು. ಹೋದವಳು ಪೆಟ್ಟಿಗೆಯ ಮುಂದೆ ನಿಂತುಬಿಟ್ಟೆ. ಚೀಟಿಗಳೆಲ್ಲ ಬದಲಾಗಿದ್ದವು. ಆರು ಇದ್ದಲ್ಲಿ ಹತ್ತು. ಎಂಟು ಇದ್ದಲ್ಲಿ ಹನ್ನೆರಡು. ಪುಸ್ತಕದ ಹೆಸರುಗಳು ಹೋಗಿ ದಡದ ಹೆಸರುಗಳು ಬಂದಿದ್ದವು: ‘ಮೋಟು’, ‘ಉದ್ದ’, ‘ಕಿವಿ ಇರೋ ನಟ್ಟು’. ಕೊನೆಯ ಸಾಲಿನ ಒಂದರಲ್ಲಿ ‘ಹೇರ್‌ಪಿನ್ನು’.

ಅವನು ಸ್ನಾನ ಮುಗಿಸಿ, ಅಂಗಿ ತೊಟ್ಟು ಹಿಂದೆ ಬಂದು ನಿಂತಿದ್ದ.

“ನಾನಿಲ್ದಾಗ ನೀನು ಹುಡುಕಿ ಒದ್ದಾಡಬಾರದು ಅಂತ,” ಎಂದ.

ಆ ಕ್ಷಣ ನನಗೆ ಅವನ ಮೇಲೆ ಸಿಟ್ಟು ಬಂತು, ನನ್ನ ಮೇಲೂ ಬಂತು. ಆದರೆ ಮೀನು ಸೀದ ವಾಸನೆ ಬರುತ್ತಿತ್ತು. ಒಳಗೆ ಓಡಿದೆ.

ಇಬ್ಬರೇ ತಿನ್ನಲು ಕೂತೆವು. ಸೂಟ್‌ಕೇಸು ಬಾಗಿಲ ಪಕ್ಕ ನಿಂತಿತ್ತು. ಅವನು ಮೂರು ತುತ್ತು ತಿಂದಿರಬೇಕು, ದೊಡ್ಡ ರಸ್ತೆಯ ತಿರುವಿನಲ್ಲಿ ಬಸ್ಸಿನ ಹಾರನ್ನು ಕೇಳಿಸಿತು. ಎದ್ದ. ಕೈ ತೊಳೆದ. ಸೂಟ್‌ಕೇಸಿನ ಹಿಡಿಕೆ ಮೇಲೆಳೆದ.

ನಮ್ಮಲ್ಲಿ ಊಟದ ನಡುವೆ ಒಬ್ಬರು ಎದ್ದು ದೂರ ಹೊರಟರೆ, ಕೂತವರು ತಮ್ಮ ತಟ್ಟೆಯನ್ನು ಒಂದು ಸುತ್ತು ತಿರುಗಿಸಬೇಕು. ಹೋಗುವವರು ಕ್ಷೇಮವಾಗಿ ಮುಟ್ಟಲಿ ಎಂದು. ಎಷ್ಟು ಸಲ ತಿರುಗಿಸಿದ್ದೇನೋ ಲೆಕ್ಕವಿಲ್ಲ, ಈಗ ಬೇರೆ ಊರಲ್ಲಿರುವ ಮಗಳನ್ನು ಒಮ್ಮೆ ಕಂಕುಳಲ್ಲಿಟ್ಟುಕೊಂಡೇ ತಿರುಗಿಸಿದ್ದೆ. ಅವತ್ತೂ ಕೈ ತಾನಾಗಿ ತಟ್ಟೆಯ ಅಂಚು ಹಿಡಿಯಿತು. ಹಿಡಿದದ್ದು ಅಲ್ಲಾಡಲಿಲ್ಲ. ತಿರುಗಿಸಿದರೆ ಹೋಗಿಯೇಬಿಡುತ್ತಾನೆ. ತಿರುಗಿಸದಿದ್ದರೆ ಕೆಡುಕನ್ನು ಬೆನ್ನಿಗೆ ಕಟ್ಟಿ ಕಳಿಸಿದ ಹಾಗೆ.

ಅವನು ಹೊಸ್ತಿಲಲ್ಲಿ ನಿಂತು ಕಾದ. “ಪುರಿಂಗ್, ತಟ್ಟೆ.”

“ಆಗಲ್ಲ.”

“ಏನು ಆಗಲ್ಲ?”

“ತಿರುಗಿಸಕ್ಕಾಗಲ್ಲ. ಹೋಗ್ಬೇಡ.”

ಇಪ್ಪತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಆ ಮಾತು ನನ್ನ ಬಾಯಿಂದ ಹೊರಗೆ ಬಂತು. ಬಂದದ್ದೇ ತಡ, ಅದರ ಹಿಂದೆ ಅಳುವೂ ಬಂತು, ಅನ್ನದ ತಟ್ಟೆಯ ಮೇಲೇ. ಅತ್ತೆಯ ಸಮುದ್ರ ಬೇಕಾದರೆ ಕೇಳಿಸಿಕೊಳ್ಳಲಿ.

ಟೆರ್ಯೊ ಸೂಟ್‌ಕೇಸಿನ ಹಿಡಿಕೆ ಹಿಡಿದೇ ಇದ್ದ. ರಸ್ತೆಯಲ್ಲಿ ಬಸ್ಸು ಇನ್ನೊಂದು ಸಲ ಹಾರನ್ನು ಹಾಕಿ, ಕಾದು, ಹೊರಟುಹೋಯಿತು.

“ಮತ್ತೆ ಸೂಟ್‌ಕೇಸ್ ನೀನ್ಯಾಕೆ ತುಂಬಿದೆ?” ಎಂದ.

“ನೀನು ಕಾಂಟ್ರ್ಯಾಕ್ಟ್ ಅಂದೆ, ಕೈ ತಾನಾಗಿ ತುಂಬ್ತು. ನನ್ನ ಕೇಳಿದ್ಯಾ ನೀನು?”

“ಇರು ಅಂತ ನೀನು ಹೇಳಿದ್ಯಾ?”

“ಇರ್ಲಾ ಅಂತ ನೀನು ಕೇಳಿದ್ಯಾ?”

“ಮನಾಂಗ್ ಇಲ್ವಾ, ಮನಾಂಗ್ ಇಲ್ವಾ ಅಂತಾರೆ ಎಲ್ರೂ,” ಎಂದ. ಅವನ ದನಿ ಸಣ್ಣದಾಗಿತ್ತು. “ಹಡಗಲ್ಲಿ ನನ್ನ ಕೇಳ್ಕೊಂಡು ಬರ್ತಿದ್ರು.”

“ಇಲ್ಲೂ ಒಬ್ಬಳು ಕೇಳ್ತಿದಾಳೆ. ಕಿವಿ ಕೇಳ್ಸಲ್ವಾ? ಎಂಜಿನ್ ಸದ್ದಿಗೆ ಹೋಯ್ತಾ ಅದೂ? ನಿನ್ನೆ ಆ ಪೆಟ್ಟಿಗೆ ಇಲ್ದಿದ್ರೆ ಡೊಮಿಂಗ್‌ನ ಮೀನು ಹೋಗಿರ್ತಿತ್ತು. ಆಯ್ತಾ? ಹೇಳ್ಬಿಟ್ಟೆ.”

ಅವನು ಸೂಟ್‌ಕೇಸ್ ಬಿಟ್ಟು ಬಂದು ಕೂತ. ತಣ್ಣಗಾದ ಅನ್ನವನ್ನು ಪೂರ್ತಿ ತಿಂದ. ಸೀದ ಮೀನನ್ನೂ ತಿಂದ, ಚೆನ್ನಾಗಿದೆ ಎಂದು ಸುಳ್ಳೂ ಹೇಳಿದ.

ಆಮೇಲೆ ಸೂಟ್‌ಕೇಸನ್ನು ಕೋಣೆಗೆ ಎಳೆದುಕೊಂಡು ಹೋಗಿ ಮಂಚದ ಮೇಲೆ ಬಿಚ್ಚಿದೆ. ಅಂಗಿಗಳನ್ನು ಎತ್ತಿಕೊಂಡು ಬಟ್ಟೆ ಬೀರುವಿನ ಮುಂದೆ ನಿಂತು ಮೇಲಿನ ಡ್ರಾಯರ್ ಎಳೆದೆ. ನನ್ನ ಬಟ್ಟೆ. ಎರಡನೆಯದರಲ್ಲಿ ಮಗಳ ಶಾಲೆಯ ಪದಕಗಳು, ಸರ್ಟಿಫಿಕೇಟುಗಳು. ಮೂರನೆಯದರಲ್ಲಿ ಕಿಟಕಿಯ ಪರದೆಗಳು. ಕೆಳಗಿನದರಲ್ಲಿ ಅಪ್ಪನ ಕಾಲದ ಒಂದು ಕಾರ್ಬ್ಯುರೇಟರು, ಪೇಪರಿನಲ್ಲಿ ಸುತ್ತಿದ್ದು. ಅಂಗಿಗಳು ನನ್ನ ತೋಳಿನಲ್ಲೇ ಉಳಿದವು.

“ಟೆರ್ಯೊ, ಇಷ್ಟು ವರ್ಷ ನೀನು ಬಂದಾಗ ಬಟ್ಟೆ ಎಲ್ಲಿಡ್ತಿದ್ದೆ?”

“ಸೂಟ್‌ಕೇಸಲ್ಲೇ,” ಎಂದ. “ಯಾವಾಗ್ಲೂ ಅಲ್ಲೇ ಅಲ್ವಾ.”

ದೂರಿನ ಸುಳಿವೂ ಇರಲಿಲ್ಲ ಆ ಮಾತಿನಲ್ಲಿ. ಅದಕ್ಕೇ ನನಗೆ ತಡೆಯಲಾಗಲಿಲ್ಲ. ಒಂದು ಹಾಳು ಕಾರ್ಬ್ಯುರೇಟರಿಗೆ ನಾನು ಜಾಗ ಕೊಟ್ಟಿದ್ದೆ, ಈ ಮನುಷ್ಯನಿಗೆ ಕೊಟ್ಟಿರಲಿಲ್ಲ. ಫೆಬ್ರವರಿಯಿಂದ ಇವನು ಜಗಲಿಯಲ್ಲಿ ಕೂತು ಹೇರ್‌ಪಿನ್ನಿಗೂ ಒಂದು ಮನೆ ಮಾಡಿಕೊಟ್ಟಿದ್ದ.

ಮೇಲಿನ ಡ್ರಾಯರನ್ನು ಪೂರ್ತಿ ಹೊರಗೆಳೆದು ನನ್ನ ಬಟ್ಟೆಗಳನ್ನು ಮಂಚದ ಮೇಲೆ ಸುರಿದೆ.

“ಇದು ನಿಂದು.”

“ನಂಗೆ ಕೆಳಗಿಂದೇ ಸಾಕು.”

“ಕೆಳಗಿಂದಕ್ಕೆ ನೀನು ಬಗ್ಗಿದ್ರೆ ಎಬ್ಬಿಸೋಕೆ ಡೊಮಿಂಗ್‌ನ ಕರೀಬೇಕು. ಇಡು ಸುಮ್ನೆ.”

ಅವನು ಒಂದೊಂದೇ ಅಂಗಿ ಮಡಿಸಿ ಇಟ್ಟ, ಹಡಗಿನವರು ಮಡಿಸುವ ಹಾಗೆ, ಅಂಗೈ ಅಗಲಕ್ಕೆ. ಆರು ಅಂಗಿ, ಮೂರು ಪ್ಯಾಂಟು, ಬನಿಯನ್ನುಗಳು. ಅರ್ಧ ಡ್ರಾಯರೂ ತುಂಬಲಿಲ್ಲ. ಮುಚ್ಚಿದ. ಮತ್ತೆ ತೆರೆದು ನೋಡಿದ.